ಟ್ರೈನರ್ ಸಿಗುವವರೆಗೆ

ಅಮೆರಿಕದಲ್ಲಿ ಟ್ರಕ್ ಓಡಿಸಬೇಕೆಂದಿರುವ ನಮ್ಮ ಕಡೆಯ ಹುಡುಗರು ಆಗಾಗ ನನಗೆ ಫೋನ್ ಮಾಡುತ್ತಾರೆ. ಪರೀಕ್ಷೆ ಎಷ್ಟು ಕಷ್ಟ, ಮೈಲಿಗೆ ಎಷ್ಟು ಕೊಡುತ್ತಾರೆ, ಮನೆಗೆ ಎಷ್ಟು ದಿನಕ್ಕೊಮ್ಮೆ ಬರಬಹುದು ಎಂದೆಲ್ಲ ವಿಚಾರಿಸುತ್ತಾರೆ. ಲೈಸೆನ್ಸ್ ಸಿಕ್ಕಮೇಲೆ ಟ್ರೈನರ್‌ಗಾಗಿ ಕಾಯುವ ದಿನಗಳ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ನನ್ನ ಜೊತೆ ಸೇರಿದವರಲ್ಲಿ ಕೆಲವರು ಕೈಬಿಟ್ಟು ಹೋದದ್ದು ಆ ದಿನಗಳಲ್ಲೇ.

2022ರ ಫೆಬ್ರುವರಿಯಿಂದ ಹೊಸಬರು ನೋಂದಾಯಿತ ಸಂಸ್ಥೆಯಲ್ಲಿ ತರಬೇತಿ ಪಡೆದೇ ಚಾಲನಾ ಪರೀಕ್ಷೆಗೆ ಹೋಗಬೇಕೆಂಬ ಫೆಡರಲ್ ನಿಯಮ ಜಾರಿಯಲ್ಲಿದೆ. ಆದರೆ ಇಷ್ಟೇ ಗಂಟೆ ಓಡಿಸಿರಬೇಕೆಂದು ಆ ನಿಯಮ ಹೇಳುವುದಿಲ್ಲ. ಆದ್ದರಿಂದ 53 ಅಡಿ ಉದ್ದದ ಟ್ರೇಲರನ್ನು, ಸರಕು ಸೇರಿ 80,000 ಪೌಂಡ್‌ವರೆಗೆ, ಅಂದರೆ ಸುಮಾರು 36 ಟನ್ ತೂಗುವ ಗಾಡಿಯನ್ನು ದೊಡ್ಡ ಕಂಪನಿಗಳು ಹೊಸಬರ ಕೈಗೆ ನೇರವಾಗಿ ಕೊಡುವುದಿಲ್ಲ. ಅನುಭವಿ ಚಾಲಕರೊಬ್ಬರ ಜೊತೆ ಕೆಲವು ವಾರ ಓಡಿಸಿ ತೋರಿಸಬೇಕು. ಆ ಚಾಲಕರೇ ಟ್ರೈನರ್.

ಟ್ರೈನರ್ ಸಿಗುವವರೆಗೆ ಕಂಪನಿಯವರು ನಮ್ಮನ್ನು ಡಲ್ಲಾಸ್ ಹೊರವಲಯದ ಮೋಟೆಲೊಂದರಲ್ಲಿ ಇಳಿಸಿದ್ದರು. ಇವತ್ತು, ನಾಳೆ ಎನ್ನುತ್ತಲೇ ದಿನಗಳು ಉರುಳಿದವು. ಮನೆಯಿಂದ ಫೋನ್ ಬಂದಾಗಲೆಲ್ಲ "ಇನ್ನೂ ಯಾರೂ ಸಿಗಲಿಲ್ವಾ?" ಎಂಬ ಒಂದೇ ಪ್ರಶ್ನೆ. ನಮ್ಮನ್ನು ಮರೆತೇಬಿಟ್ಟರೇನೋ ಎಂಬ ಕಳವಳ ಎಲ್ಲರಲ್ಲೂ ಇತ್ತು. ತಡವೇಕೆಂಬುದು ನಿಧಾನವಾಗಿ ಅರ್ಥವಾಯಿತು. ಟ್ರೈನರ್ ಆಫೀಸಿನಲ್ಲಿ ಕೂತಿರುವವರಲ್ಲ, ಲೋಡ್ ಹೊತ್ತು ಎಲ್ಲೋ ಹೆದ್ದಾರಿಯಲ್ಲಿರುವವರು. ಅವರ ಹಳೆಯ ಶಿಷ್ಯನ ತರಬೇತಿ ಮುಗಿಯಬೇಕು, ನಾವಿರುವ ಊರಿನ ಕಡೆಗೆ ಅವರಿಗೆ ಲೋಡ್ ಸಿಗಬೇಕು. ಎರಡು ಬಂಕಿನ ಇಕ್ಕಟ್ಟಾದ ಕ್ಯಾಬಿನ್‌ನಲ್ಲಿ ಅಪರಿಚಿತನೊಂದಿಗೆ ವಾರಗಟ್ಟಲೆ ಇರಲು ಒಪ್ಪುವವರೂ ಕಡಿಮೆ. ಸಿಗರೇಟು ಬೇಡ, ನಾಯಿ ಬೇಡ, ಇಂಥ ರಾಜ್ಯದವರೇ ಬೇಕು ಎಂದು ನಾವು ಷರತ್ತು ಸೇರಿಸಿದಷ್ಟೂ ಸಾಲು ಉದ್ದವಾಗುತ್ತದೆ. ಆರೋಗ್ಯಕ್ಕೆ, ಸುರಕ್ಷತೆಗೆ ಬೇಕಾದ ಷರತ್ತನ್ನು ಬಿಡಬೇಡಿ. ಉಳಿದವನ್ನು ಸಡಿಲಿಸಿ.

ಕಾಯುವ ದಿನಗಳಿಗೆ ಸಂಬಳ ಉಂಟೇ, ಊಟದ ಖರ್ಚು ಯಾರದು, ಮನೆಗೆ ಹೋಗಿ ಕಾಯಬಹುದೇ ಎಂಬುದನ್ನು ಸಹಿ ಹಾಕುವ ಮೊದಲೇ ಕೇಳಿ, ಬರಹದಲ್ಲಿ ಪಡೆಯಿರಿ. ಒಂದು ತಿಂಗಳ ಮನೆಖರ್ಚು ಕೈಯಲ್ಲಿಟ್ಟುಕೊಂಡು ಹೊರಡಿ. ಜೇಬು ಬರಿದಾದವನು ಸಿಕ್ಕಿದ ಮೊದಲ ಟ್ರೈನರ್‌ಗೆ ತಲೆಯಾಡಿಸಬೇಕಾಗುತ್ತದೆ. ಆಫೀಸಿಗೆ ದಿನಕ್ಕೊಮ್ಮೆ, ಒಂದೇ ಹೊತ್ತಿಗೆ, ಸಮಾಧಾನದಿಂದ ವಿಚಾರಿಸಿದರೆ ಸಾಕು. ಬ್ಯಾಗ್ ಮಾತ್ರ ಸದಾ ತಯಾರಿರಲಿ. ಕರೆ ಬಂದರೆ ಗಂಟೆಯೊಳಗೆ ಹೊರಡಬೇಕಾಗಬಹುದು.

ಕಲಿತದ್ದು ಕೈಬಿಟ್ಟು ಹೋಗಲು ಹೆಚ್ಚು ದಿನ ಬೇಕಿಲ್ಲ. ಹಾಗಾಗಿ ಕಂಪನಿ ಯಾರ್ಡಿನ ಮೇಲ್ವಿಚಾರಕರ ಅನುಮತಿ ಪಡೆದು, ನಿಂತಿದ್ದ ಟ್ರಕ್ಕನ್ನು ದಿನವೂ ಬೆಳಿಗ್ಗೆ ತಪಾಸಣೆ ಮಾಡುತ್ತಿದ್ದೆ. ಟಾರ್ಚ್ ಹಿಡಿದು ಟ್ರೇಲರ್ ಅಡಿಗೆ ಬಗ್ಗಿ, ಅದನ್ನು ಟ್ರಕ್ಕಿಗೆ ಜೋಡಿಸುವ ಕಿಂಗ್‌ಪಿನ್ ಸುತ್ತ ಲಾಕ್ ಪೂರ್ತಿ ಕಚ್ಚಿದೆಯೇ ಎಂದು ನೋಡುವುದು. ಚಕ್ರಕ್ಕೆ ಅಡೆ ಕೊಟ್ಟು, ಎಂಜಿನ್ ಆರಿಸಿ, ಪಾರ್ಕಿಂಗ್ ಬ್ರೇಕ್ ಬಿಡಿಸಿ, ಕಾಲಿನ ಬ್ರೇಕನ್ನು ಒಂದು ನಿಮಿಷ ಒತ್ತಿ ಹಿಡಿಯುವುದು. ಗಾಳಿಯ ಒತ್ತಡ 4 ಪಿಎಸ್‌ಐಗಿಂತ ಹೆಚ್ಚು ಇಳಿಯಕೂಡದು.

ಸಂಜೆ ಅಟ್ಲಾಸ್ ಹರಡಿಕೊಂಡು ಹುಸಿ ಪ್ರಯಾಣಗಳನ್ನು ಹೊಂದಿಸುತ್ತಿದ್ದೆವು. ಡಲ್ಲಾಸಿನಿಂದ ಅಟ್ಲಾಂಟಾಕ್ಕೆ ಐ-20 ಹೆದ್ದಾರಿಯಲ್ಲಿ ಸುಮಾರು 780 ಮೈಲಿ. 10 ಗಂಟೆ ವಿಶ್ರಾಂತಿಯ ನಂತರ 14 ಗಂಟೆಗಳ ಅವಧಿಯೊಳಗೆ 11 ಗಂಟೆ ಓಡಿಸಬಹುದು, 8 ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ಬಿಡುವು ಕಡ್ಡಾಯ. ಹಾಗಾದರೆ ರಾತ್ರಿ ತಂಗುವುದೆಲ್ಲಿ? ಕತ್ತಲಾದರೆ ಟ್ರಕ್ ಸ್ಟಾಪುಗಳು ತುಂಬಿಹೋಗುತ್ತವೆ. ಮಿಸಿಸಿಪ್ಪಿಯ ಮೆರಿಡಿಯನ್‌ನಲ್ಲೇ ನಿಂತರೆ ಕ್ಷೇಮ ಎಂದು ನಾವು ಲೆಕ್ಕ ಹಾಕಿದೆವು. ಜಾರ್ಜಿಯಾ ಗಡಿ ದಾಟಿದೊಡನೆ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಸರಕು ಇಳಿಸುವ ಸಮಯ ಅಲ್ಲಿನದು, ಓಡಿಸಿದ ಗಂಟೆಗಳನ್ನು ದಾಖಲಿಸುವ ನಮ್ಮ ಲಾಗ್ ಮಾತ್ರ ಕಂಪನಿಯ ಟರ್ಮಿನಲ್ ಸಮಯದಲ್ಲೇ ಓಡುತ್ತಿರುತ್ತದೆ. ಆ ಒಂದು ಗಂಟೆಯನ್ನು ಲೆಕ್ಕಕ್ಕೆ ಹಿಡಿಯುವುದನ್ನು ನಾನು ಕಲಿತದ್ದು ಆ ಮೋಟೆಲಿನ ಮೇಜಿನ ಮೇಲೆ.

ಟ್ರೈನರ್ ಕಡೆಯಿಂದ ಮೊದಲ ಫೋನ್ ಬಂದಾಗ ಸಂತೋಷಕ್ಕೆ ಬಾಯಿ ಕಟ್ಟಿಹೋಗುತ್ತದೆ. ಪ್ರಶ್ನೆ ಕೇಳಬೇಕಾದದ್ದು ಆಗಲೇ. "ನಾನು ಓಡಿಸುವಾಗ ನೀವು ಪಕ್ಕದ ಸೀಟಿನಲ್ಲಿರುತ್ತೀರಾ?" ಎಂದು ಕೇಳಿ. ಶಿಷ್ಯನನ್ನು ಮೊದಲ ವಾರವೇ ಸ್ಟೇರಿಂಗ್ ಹಿಂದೆ ಕೂರಿಸಿ, ತಾವು ಬಂಕಿನಲ್ಲಿ ಮಲಗಿ, ಮೈಲಿ ಹೆಚ್ಚಿಸಿಕೊಳ್ಳುವ ಟ್ರೈನರ್‌ಗಳೂ ಇದ್ದಾರೆ. ರಿವರ್ಸ್ ಹಾಕುವ ಪ್ರತಿ ಅವಕಾಶವನ್ನೂ ನನಗೆ ಕೊಡುತ್ತೀರಾ, ಮಂಜು ಬಿದ್ದಾಗ ನಿಲ್ಲಿಸಬೇಕೆನಿಸಿದರೆ ನಿಲ್ಲಿಸಬಹುದೇ ಎಂದೂ ಕೇಳಿ. ಒಳ್ಳೆಯವರು ಇದಕ್ಕೆ ಬೇಸರಪಡುವುದಿಲ್ಲ. ನನಗೆ ಸಿಕ್ಕವರು "ಮೊದಲು ನಿನಗೇ ಧೈರ್ಯ ಬರಲಿ, ಆಮೇಲೆ ನನ್ನ ನಿದ್ದೆ" ಎಂದಿದ್ದರು, ಹಾಗೆಯೇ ನಡೆದುಕೊಂಡರು ಕೂಡ. ಇಳಿಜಾರಿನಲ್ಲಿ ಗೇರ್ ಮೊದಲೇ ತಗ್ಗಿಸಿ ಎಂಜಿನ್ ಬ್ರೇಕ್‌ನಲ್ಲಿ ಇಳಿಯುವುದನ್ನು ಅವರಿಂದಲೇ ಕಲಿತೆ.

ಕಾದು ಸುಸ್ತಾದ ಮನಸ್ಸು ಯಾರು ಬಂದರೂ ಸಾಕು ಎನ್ನುತ್ತದೆ. ಉತ್ತರ ಸರಿಕಾಣದಿದ್ದರೆ ಬೇರೆಯವರನ್ನು ಕೊಡಿ ಎಂದು ಆಫೀಸಿಗೆ ಹೇಳಿ. ಇನ್ನೊಂದು ವಾರ ಕಾದರೆ ಒಂದು ವಾರದ ದುಡಿಮೆ ಹೋಗಬಹುದು. ಆದರೆ ತರಬೇತಿಯ ವಾರಗಳಲ್ಲಿ ಕೂತ ಅಭ್ಯಾಸ, ಒಳ್ಳೆಯದಿರಲಿ ಕೆಟ್ಟದಿರಲಿ, ನೀವು ಒಬ್ಬರೇ ಓಡಿಸುವ ಪ್ರತಿ ಮೈಲಿಗೂ ನಿಮ್ಮ ಜೊತೆಗೇ ಬರುತ್ತದೆ.