ವಿಪತ್ತಿನ ವೇಳೆಗೆ ಮನೆಯಲ್ಲೊಂದು ರೇಡಿಯೋ: ಹಿಡಿಕೆ ತಿರುಗಿಸುವ ರೇಡಿಯೋವನ್ನು ಆರಿಸುವ ಬಗೆ

ದೆಹಲಿಯ ಕಿದ್ವಾಯಿ ನಗರವು ಸ್ವತಂತ್ರ ಭಾರತದ ಮೊದಲ ಸಂಪರ್ಕ ಸಚಿವರಾದ ರಫಿ ಅಹಮದ್ ಕಿದ್ವಾಯಿಯವರ ಹೆಸರನ್ನು ಹೊತ್ತಿದೆ. ವರ್ತುಲ ರಸ್ತೆ, ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ ಮತ್ತು ಐ.ಎನ್.ಎ. ಮಾರುಕಟ್ಟೆಗಳ ನೆರೆಯಲ್ಲಿರುವ ಈ ಬಡಾವಣೆಯು ಬಹುಕಾಲದಿಂದ ಕೇಂದ್ರ ಸರ್ಕಾರಿ ನೌಕರರ ವಸತಿಯಾಗಿದೆ. ಇದರ ಪೂರ್ವ ಭಾಗದಲ್ಲಿದ್ದ ಹಳೆಯ ತಗ್ಗು ಕಟ್ಟಡಗಳ ಸ್ಥಾನದಲ್ಲಿ ಈಗ ಬಹುಮಹಡಿ ಕಟ್ಟಡಗಳು ಎದ್ದು ನಿಂತಿವೆ. ಇಂತಹ ಮನೆಗಳಲ್ಲಿ ಲಿಫ್ಟು, ನೀರಿನ ಪಂಪು, ದೂರದರ್ಶನ, ಅಂತರ್ಜಾಲ ಎಲ್ಲವೂ ವಿದ್ಯುತ್ತನ್ನೇ ನೆಚ್ಚಿಕೊಂಡಿವೆ. ಆ ಒಂದು ಆಧಾರ ಕುಸಿದಾಗ ಹೊರಗೆ ಏನಾಗುತ್ತಿದೆ ಎಂಬುದನ್ನು ಮನೆಯವರು ತಿಳಿಯುವುದು ಹೇಗೆ? ಈ ಪಾಠವು ಆ ಪ್ರಶ್ನೆಗೆ ಸಂಬಂಧಿಸಿದೆ.

ಇದು ಕೇವಲ ಕಲ್ಪನೆಯ ಪ್ರಶ್ನೆಯಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ವಿದ್ಯುತ್ ಜಾಲವು ಎರಡು ದಿನ ಅನುಕ್ರಮವಾಗಿ ಕುಸಿಯಿತು. ಎರಡನೆಯ ದಿನ ಪೂರ್ವ ಮತ್ತು ಈಶಾನ್ಯ ಜಾಲಗಳೂ ಅದರೊಂದಿಗೆ ಕುಸಿದವು. ದೆಹಲಿಯಲ್ಲಿ ಮೆಟ್ರೋ ರೈಲುಗಳು ನಿಂತವು. 2024ರ ಜೂನ್ 28ರ ಬೆಳಿಗ್ಗೆ ಕಿದ್ವಾಯಿ ನಗರಕ್ಕೆ ತೀರ ಹತ್ತಿರವಿರುವ ಸಫ್ದರ್‌ಜಂಗ್ ಹವಾಮಾನ ವೀಕ್ಷಣಾಲಯದಲ್ಲಿ ಹಿಂದಿನ 24 ಗಂಟೆಗಳ ಮಳೆ 228.1 ಮಿಲಿಮೀಟರ್ ಎಂದು ದಾಖಲಾಯಿತು. ಜೂನ್ ತಿಂಗಳಲ್ಲಿ ಒಂದೇ ದಿನ ಅಷ್ಟು ಮಳೆ ಅಲ್ಲಿ 1936ರ ನಂತರ ಸುರಿದಿರಲಿಲ್ಲ. 2025ರ ಫೆಬ್ರವರಿ 17ರಂದು ಬೆಳಗಿನ ಜಾವ ಸಂಭವಿಸಿದ 4.0 ಪ್ರಮಾಣದ ಭೂಕಂಪದ ಕೇಂದ್ರವು ದೆಹಲಿಯ ಧೌಲಾ ಕುವಾಂ ಸಮೀಪದಲ್ಲೇ ಇತ್ತು. ಇಂತಹ ಗಳಿಗೆಗಳಲ್ಲಿ ಜನರಿಗೆ ಮೊದಲು ಬೇಕಾಗುವುದು ನಂಬಲರ್ಹವಾದ ಸುದ್ದಿ.

ರೇಡಿಯೋ ಏಕೆ?

ಒಂದು ಮೊಬೈಲ್ ಗೋಪುರವು ಸೀಮಿತ ಪ್ರದೇಶಕ್ಕೆ ಮಾತ್ರ ಸೇವೆ ನೀಡಬಲ್ಲದು. ವಿದ್ಯುತ್ ನಿಂತ ಮೇಲೆ ಅದು ತನ್ನ ಬ್ಯಾಟರಿ ಅಥವಾ ಜನರೇಟರಿನ ಬಲದಿಂದ ಕೆಲವು ಗಂಟೆಗಳ ಕಾಲ ನಡೆಯುತ್ತದೆ. ಅಷ್ಟರೊಳಗೆ ಎಲ್ಲರೂ ಏಕಕಾಲದಲ್ಲಿ ಕರೆ ಮಾಡತೊಡಗಿದರೆ ಜಾಲವು ದಟ್ಟಣೆಯಿಂದ ಸ್ತಬ್ಧವಾಗುತ್ತದೆ. ಆಕಾಶವಾಣಿಯ ಪ್ರಸಾರಕ್ಕೆ ಈ ತೊಡಕಿಲ್ಲ. ದೂರದಲ್ಲಿರುವ ಒಂದೇ ಪ್ರೇಷಕದಿಂದ ಹೊರಟ ಧ್ವನಿಯನ್ನು ಹತ್ತು ಜನ ಕೇಳಿದರೂ ಹತ್ತು ಲಕ್ಷ ಜನ ಕೇಳಿದರೂ ಅದರ ಮೇಲಿನ ಭಾರ ಒಂದೇ.

2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಅತಿವೃಷ್ಟಿ ಮತ್ತು ಭೂಕುಸಿತಗಳು ಸಂಭವಿಸಿದಾಗ ರಸ್ತೆಗಳು ಕಡಿದು ಹೋದವು. ಎಷ್ಟೋ ಹಳ್ಳಿಗಳಲ್ಲಿ ವಿದ್ಯುತ್ ಮತ್ತು ದೂರವಾಣಿ ಸಂಪರ್ಕ ತಪ್ಪಿತು. ಬೆಟ್ಟದ ಊರಿಗೂ ರಾಜಧಾನಿಯ ಬಹುಮಹಡಿ ಮನೆಗೂ ಈ ವಿಷಯದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಆದರೆ ರೇಡಿಯೋದ ಮಿತಿಯನ್ನೂ ಅರಿತಿರಬೇಕು. ಅದು ಸುದ್ದಿಯನ್ನು ತರುತ್ತದೆ. ಸಹಾಯಕ್ಕಾಗಿ ಕೂಗಿದರೆ ಆ ಕೂಗನ್ನು ಒಯ್ಯುವುದಿಲ್ಲ. ಆದುದರಿಂದ ರೇಡಿಯೋ ಇದ್ದರೆ ಮೊಬೈಲ್ ಬೇಡವೆಂದು ಅರ್ಥವಲ್ಲ. ಸುದ್ದಿಯನ್ನು ರೇಡಿಯೋದಿಂದ ಕೇಳಿದರೆ ಮೊಬೈಲಿನ ಬ್ಯಾಟರಿಯು 112ಕ್ಕೆ ಮಾಡಬೇಕಾದ ಒಂದು ಕರೆಗಾಗಿ ಉಳಿಯುತ್ತದೆ.

ಹಿಡಿಕೆಯ ರೇಡಿಯೋ ಕೆಲಸ ಮಾಡುವ ಬಗೆ

ಕೈಯಿಂದ ಶಕ್ತಿ ತುಂಬುವ ರೇಡಿಯೋವನ್ನು ಜನಪ್ರಿಯಗೊಳಿಸಿದವರು ಇಂಗ್ಲೆಂಡಿನ ಟ್ರೆವರ್ ಬೇಲಿಸ್. ಆಫ್ರಿಕದಲ್ಲಿ ಏಡ್ಸ್ ರೋಗದ ತಿಳಿವಳಿಕೆಯನ್ನು ಹರಡಲು ರೇಡಿಯೋ ಅತ್ಯಗತ್ಯವಾಗಿದ್ದರೂ ಬ್ಯಾಟರಿ ಕೊಳ್ಳುವ ಶಕ್ತಿ ಬಡವರಿಗಿಲ್ಲ ಎಂಬ ಕಾರ್ಯಕ್ರಮವನ್ನು ನೋಡಿ ಅವರು 1990ರ ದಶಕದ ಆರಂಭದಲ್ಲಿ ಇದರ ಮಾದರಿಯನ್ನು ರೂಪಿಸಿದರು. ಅವರ ರೇಡಿಯೋದಲ್ಲಿ ಗಡಿಯಾರಕ್ಕೆ ಕೀಲಿ ಕೊಟ್ಟಂತೆ ಸ್ಪ್ರಿಂಗನ್ನು ಸುತ್ತಬೇಕಾಗಿತ್ತು. ಇಂದಿನ ಮಾದರಿಗಳಲ್ಲಿ ಸ್ಪ್ರಿಂಗಿನ ಬದಲಿಗೆ ಸೈಕಲ್ಲಿನ ಡೈನಮೋದಂತಹ ಪುಟ್ಟ ಯಂತ್ರವಿದೆ. ಹಿಡಿಕೆಯನ್ನು ತಿರುಗಿಸಿದಾಗ ಅದರಲ್ಲಿ ಹುಟ್ಟುವ ವಿದ್ಯುತ್ತು ಒಳಗಿನ ಬ್ಯಾಟರಿಯನ್ನು ಸೇರುತ್ತದೆ.

ಮಾರಾಟಗಾರರ ಮಾತನ್ನು ಒರೆಗೆ ಹಚ್ಚಲು ಇಲ್ಲಿ ಒಂದು ಸರಳ ಲೆಕ್ಕ ಸಹಾಯವಾಗುತ್ತದೆ. ಚಿಕ್ಕ ಹಿಡಿಕೆಯನ್ನು ದಣಿಯದೆ ತಿರುಗಿಸುವವರ ಕೈಯಿಂದ ಸುಮಾರು 2 ವ್ಯಾಟ್ ಶಕ್ತಿ ದೊರೆಯುವುದೆಂದು ಇಟ್ಟುಕೊಳ್ಳೋಣ. ಒಂದು ನಿಮಿಷಕ್ಕೆ ಇದು 120 ಜೂಲ್ ಆಗುತ್ತದೆ. ಯಂತ್ರದಲ್ಲಿ ಮತ್ತು ಬ್ಯಾಟರಿಯಲ್ಲಿ ಅರ್ಧದಷ್ಟು ನಷ್ಟವಾದರೆ ಉಳಿಯುವುದು 60 ಜೂಲ್. ಮೆಲುದನಿಯಲ್ಲಿ ನುಡಿಯುವ ರೇಡಿಯೋ 0.2 ವ್ಯಾಟ್ ಬಳಸುವುದಾದರೆ, ಒಂದು ನಿಮಿಷ ತಿರುಗಿಸಿದ್ದಕ್ಕೆ ಐದು ನಿಮಿಷ ಸುದ್ದಿ ಕೇಳಬಹುದು. ಒಂದು ವಾರ್ತಾ ಪ್ರಸಾರಕ್ಕೆ ಎರಡು ಮೂರು ನಿಮಿಷಗಳ ಶ್ರಮ ಸಾಕು. ಧ್ವನಿಯನ್ನು ಹೆಚ್ಚಿಸಿದಷ್ಟೂ ಈ ಅವಧಿ ಕಡಿಮೆಯಾಗುತ್ತದೆ.

ಇದೇ ಲೆಕ್ಕವನ್ನು ಮೊಬೈಲಿಗೆ ಅನ್ವಯಿಸಿದರೆ ಚಿತ್ರ ಬೇರೆಯಾಗುತ್ತದೆ. 5000 ಮಿಲಿ ಆಂಪಿಯರ್ ಗಂಟೆಯ ಮೊಬೈಲ್ ಬ್ಯಾಟರಿಯು ಸುಮಾರು 19 ವ್ಯಾಟ್ ಗಂಟೆ ಶಕ್ತಿಯನ್ನು ಹಿಡಿಯುತ್ತದೆ. ಅದನ್ನು ಕೈಯಿಂದ ತುಂಬಿಸಲು ನಷ್ಟವನ್ನು ಲೆಕ್ಕಿಸಿದರೆ ಹತ್ತೊಂಬತ್ತು ಗಂಟೆ ಬೇಕು. ಕಾಲು ಗಂಟೆ ತಿರುಗಿಸಿದರೆ ಶೇಕಡ 1ಕ್ಕಿಂತ ತುಸು ಹೆಚ್ಚು ತುಂಬೀತು. ಅಷ್ಟರಿಂದ ಒಂದು ಚಿಕ್ಕ ಕರೆ ಮಾಡಬಹುದಾದರೂ ಮೊಬೈಲನ್ನು ಪೂರ್ತಿ ಚಾರ್ಜ್ ಮಾಡುವ ಆಸೆಯಿಂದ ಇಂತಹ ರೇಡಿಯೋವನ್ನು ಕೊಳ್ಳುವುದು ಸರಿಯಲ್ಲ. ಮೇಲಿನ ಸೌರ ಫಲಕವೂ ಅಂಗೈಯಷ್ಟೇ ಅಗಲದ್ದು. ಕಿಟಕಿಯ ಬಿಸಿಲಿನಲ್ಲಿಟ್ಟರೆ ಅದು ಬ್ಯಾಟರಿ ಬರಿದಾಗದಂತೆ ಕಾಯುತ್ತದೆ, ಬರಿದಾದ ಬ್ಯಾಟರಿಯನ್ನು ಬೇಗ ತುಂಬಲಾರದು.

‘ಹವಾಮಾನ ರೇಡಿಯೋ’ ಎಂಬ ಹೆಸರು

ಇಂತಹ ಅನೇಕ ರೇಡಿಯೋಗಳ ಮೇಲೆ ‘ಡಬ್ಲ್ಯು.ಬಿ.’ ಎಂಬ ಅಕ್ಷರಗಳಿರುತ್ತವೆ. ಅಮೆರಿಕ ಮತ್ತು ಕೆನಡ ದೇಶಗಳಲ್ಲಿ ಹವಾಮಾನ ಸೂಚನೆಗಳಿಗಾಗಿಯೇ 162.400ರಿಂದ 162.550 ಮೆಗಾ ಹರ್ಟ್ಸ್‌ವರೆಗೆ ಏಳು ವಾಹಿನಿಗಳಿದ್ದು, ಆ ಅಕ್ಷರಗಳು ಅವನ್ನು ಸೂಚಿಸುತ್ತವೆ. ಭಾರತದಲ್ಲಿ ಆ ಪಟ್ಟಿಯಲ್ಲಿ ಅಂತಹ ಪ್ರಸಾರವಿಲ್ಲ. ಇಲ್ಲಿ ಆ ಗುಂಡಿಯನ್ನು ಒತ್ತಿದರೆ ಕೇಳಿಸುವುದು ಬರಿಯ ಗೊರಗೊರ ಶಬ್ದ. ವಿಪತ್ತು ಬಂದ ರಾತ್ರಿ ಈ ಸಂಗತಿ ತಿಳಿಯುವುದಕ್ಕಿಂತ ಕೊಳ್ಳುವ ಮೊದಲೇ ತಿಳಿದಿರುವುದು ಲೇಸು.

ನಮ್ಮಲ್ಲಿ ಭಾರತ ಹವಾಮಾನ ಇಲಾಖೆಯ ಮುನ್ಸೂಚನೆಗಳು ರೇಡಿಯೋದಲ್ಲಿ ತಲುಪುವುದು ಆಕಾಶವಾಣಿಯ ಸಾಮಾನ್ಯ ಪ್ರಸಾರದ ಮೂಲಕವೇ. ಆದ್ದರಿಂದ ಎಫ್.ಎಂ. ಮತ್ತು ಮಧ್ಯಮ ತರಂಗ ಎರಡನ್ನೂ ಗ್ರಹಿಸುವ ರೇಡಿಯೋ ಉತ್ತಮ. ಎಫ್.ಎಂ. ಪಟ್ಟಿ 88ರಿಂದ 108 ಮೆಗಾ ಹರ್ಟ್ಸ್‌ವರೆಗೆ ಪೂರ್ತಿಯಾಗಿ ಇರಬೇಕು. ದೆಹಲಿಯ ಎಫ್.ಎಂ. ರೇನ್‌ಬೋ 102.6ರಲ್ಲಿದೆ, ಬೆಂಗಳೂರಿನದು 101.3ರಲ್ಲಿದೆ.

ಮಧ್ಯಮ ತರಂಗದ ವಿಷಯದಲ್ಲಿ ಹಲವರ ಗಮನಕ್ಕೆ ಬಾರದ ಒಂದು ಅಂಶವಿದೆ. ಭಾರತದಲ್ಲಿ ಕೇಂದ್ರಗಳ ನಡುವಣ ಅಂತರವನ್ನು 9 ಕಿಲೋ ಹರ್ಟ್ಸ್ ಎಂದು ಗೊತ್ತುಪಡಿಸಲಾಗಿದೆ. ಬೆಂಗಳೂರು ಆಕಾಶವಾಣಿಯ 612 ಮತ್ತು ಧಾರವಾಡದ 765 ಎರಡೂ ಒಂಬತ್ತರಿಂದ ಭಾಗವಾಗುವ ಸಂಖ್ಯೆಗಳು. ಅಮೆರಿಕದಲ್ಲಿ ಈ ಅಂತರ 10 ಕಿಲೋ ಹರ್ಟ್ಸ್. ಅಲ್ಲಿಗಾಗಿ ತಯಾರಾದ ಅಂಕಿ ತೋರಿಸುವ ರೇಡಿಯೋ 610ರಿಂದ ನೇರವಾಗಿ 620ಕ್ಕೆ ಜಿಗಿಯುತ್ತದೆ, 612 ಅದಕ್ಕೆ ಸರಿಯಾಗಿ ಸಿಗುವುದಿಲ್ಲ. 9ಕ್ಕೆ ಬದಲಾಯಿಸುವ ಸೌಲಭ್ಯವಿದೆಯೇ ಎಂದು ಕೇಳಬೇಕು. ಮುಳ್ಳು ಸರಿಯುವ ಹಳೆಯ ಮಾದರಿಯ ರೇಡಿಯೋಗಳಿಗೆ ಈ ತೊಂದರೆಯಿಲ್ಲ.

ಕೊಳ್ಳುವಾಗ ಪರೀಕ್ಷಿಸಬೇಕಾದ ಅಂಶಗಳು

1. ಹಿಡಿಕೆ: ಅಂಗಡಿಯಲ್ಲೇ ಎರಡು ನಿಮಿಷ ತಿರುಗಿಸಿ ನೋಡಬೇಕು. ಕೀಲು ಅಲುಗಾಡಬಾರದು, ಹಲ್ಲುಚಕ್ರಗಳು ಜಾರಬಾರದು. ಹಿಡಿಕೆ ತೀರ ಗಿಡ್ಡವಾಗಿದ್ದರೆ ಬೇಗ ಕೈ ಸೋಲುತ್ತದೆ. ಮನೆಯ ಹಿರಿಯರಿಗೂ ಹತ್ತು ವರ್ಷದ ಮಕ್ಕಳಿಗೂ ಅದನ್ನು ತಿರುಗಿಸಲು ಸಾಧ್ಯವಾಗಬೇಕು.

2. ಬ್ಯಾಟರಿ: ಒಳಗಿನ ಬ್ಯಾಟರಿಯನ್ನು ಬದಲಾಯಿಸಲು ಬರುವಂತಿರಬೇಕು. ಬಳಸದೆ ಇಟ್ಟ ಬ್ಯಾಟರಿ ಕೆಲವು ವರ್ಷಗಳಲ್ಲಿ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಅದರ ಜೊತೆಗೆ ಅಂಗಡಿಯಲ್ಲಿ ಸಿಗುವ ಪೆನ್ಸಿಲ್ ಸೆಲ್ಲುಗಳಿಂದಲೂ ನಡೆಯುವ ರೇಡಿಯೋ ಹೆಚ್ಚು ನಂಬಿಕೆಗೆ ಅರ್ಹ.

3. ಧ್ವನಿ: ಹಾಡು ಇಂಪಾಗಿ ಕೇಳಿಸುವುದಕ್ಕಿಂತ ಮಾತು ಸ್ಪಷ್ಟವಾಗಿ ಕೇಳಿಸುವುದು ಮುಖ್ಯ. ಮಳೆಯ ಸದ್ದಿನ ನಡುವೆ ವಾರ್ತೆ ಅರ್ಥವಾಗಬೇಕು.

4. ಗುಂಡಿಗಳು: ಕತ್ತಲೆಯಲ್ಲಿ ಕೈಗೆ ತಿಳಿಯುವಂತಿರಬೇಕು. ಟಾರ್ಚಿನ ದೀಪ ಇದ್ದರೆ ಅನುಕೂಲ. ಗಡಿಯಾರ, ಬಣ್ಣದ ದೀಪ ಮೊದಲಾದವುಗಳಿಗಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ.

5. ಗ್ರಹಣ ಶಕ್ತಿ: ಕಬ್ಬಿಣದ ಸರಳುಗಳಿರುವ ಕಾಂಕ್ರೀಟು ಗೋಡೆಗಳು ರೇಡಿಯೋ ತರಂಗಗಳನ್ನು ತಡೆಯುತ್ತವೆ. ಆದ್ದರಿಂದ ರೇಡಿಯೋವನ್ನು ಮನೆಗೆ ತಂದ ದಿನವೇ ಕಿಟಕಿಯ ಬಳಿ ಮತ್ತು ಒಳಕೋಣೆಯಲ್ಲಿ ಇಟ್ಟು ಪರೀಕ್ಷಿಸಬೇಕು. ಎಫ್.ಎಂ.ಗೆ ಆಂಟೆನಾ ಕಡ್ಡಿಯನ್ನು ಎಳೆಯಬೇಕು. ಮಧ್ಯಮ ತರಂಗದ ಆಂಟೆನಾ ಒಳಗೇ ಇರುವುದರಿಂದ ಇಡೀ ರೇಡಿಯೋವನ್ನು ನಿಧಾನವಾಗಿ ತಿರುಗಿಸಿ ಧ್ವನಿ ಸ್ಪಷ್ಟವಾಗುವ ದಿಕ್ಕನ್ನು ಕಂಡುಕೊಳ್ಳಬೇಕು. ಎಲ್.ಇ.ಡಿ. ದೀಪ ಮತ್ತು ಮೊಬೈಲ್ ಚಾರ್ಜರುಗಳು ಮಧ್ಯಮ ತರಂಗಕ್ಕೆ ಅಡ್ಡಿ ಮಾಡುತ್ತವೆ. ಊರಿನ ವಿದ್ಯುತ್ತೆಲ್ಲ ಹೋದಾಗ ಈ ಅಡ್ಡಿಯೂ ಹೋಗುವುದರಿಂದ ಪ್ರಸಾರ ಹೆಚ್ಚು ಸ್ಪಷ್ಟವಾಗುವುದುಂಟು.

ಚಾರಣಕ್ಕೆ ಒಯ್ಯುವವರು ತೂಕವನ್ನೂ ನೀರಿನಿಂದ ರಕ್ಷಣೆಯನ್ನೂ ಗಮನಿಸಬೇಕು. ಪಶ್ಚಿಮ ಘಟ್ಟದ ಕಣಿವೆಗಳಲ್ಲಿ ಬೆಟ್ಟಗಳು ಎಫ್.ಎಂ. ತರಂಗಗಳನ್ನು ಮರೆಮಾಡುತ್ತವೆ. ನೆಲವನ್ನು ಅನುಸರಿಸಿ ಸಾಗುವ ಮಧ್ಯಮ ತರಂಗ ಅಲ್ಲಿ ಹೆಚ್ಚು ಉಪಯುಕ್ತ. ಗುಡುಗು ಮಿಂಚು ಇರುವಾಗ ಬಯಲಿನಲ್ಲಾಗಲಿ ಬೆಟ್ಟದ ತುದಿಯಲ್ಲಾಗಲಿ ಆಂಟೆನಾ ಎಳೆದು ನಿಲ್ಲುವುದು ಅಪಾಯಕರ.

ಕೇಳಿದ್ದನ್ನು ತಿಳಿಯುವುದು

ಸುದ್ದಿ ಕೇಳಿಸಿದರೆ ಸಾಲದು, ಅದರ ಅರ್ಥವೂ ತಿಳಿದಿರಬೇಕು. ಹವಾಮಾನ ಇಲಾಖೆಯು ನಾಲ್ಕು ಬಣ್ಣಗಳನ್ನು ಬಳಸುತ್ತದೆ. ಹಸಿರು ಎಂದರೆ ಕ್ರಮ ಅಗತ್ಯವಿಲ್ಲ. ಹಳದಿ ಎಂದರೆ ಗಮನವಿಟ್ಟಿರಬೇಕು. ಕಿತ್ತಳೆ ಎಂದರೆ ಸಿದ್ಧರಾಗಿರಬೇಕು. ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಬೇಕು. ದಿನವೊಂದರಲ್ಲಿ 64.5 ಮಿಲಿಮೀಟರಿನಿಂದ ‘ಭಾರೀ ಮಳೆ’, 115.6ರಿಂದ ‘ಅತಿ ಭಾರೀ ಮಳೆ’, 204.5 ಮತ್ತು ಅದಕ್ಕಿಂತ ಹೆಚ್ಚಾದರೆ ‘ಅತ್ಯಂತ ಭಾರೀ ಮಳೆ’ ಎಂದು ವಿಂಗಡಿಸಲಾಗಿದೆ. 2024ರ ಜೂನಿನಲ್ಲಿ ಸಫ್ದರ್‌ಜಂಗ್‌ನಲ್ಲಿ ಸುರಿದದ್ದು ಈ ಕೊನೆಯ ವರ್ಗದ ಮಳೆ.

ದೆಹಲಿಯ ಕನ್ನಡ ಕುಟುಂಬಗಳು ಇನ್ನೊಂದು ವಿಷಯವನ್ನು ಯೋಚಿಸಬೇಕು. ಅಲ್ಲಿಯ ಸ್ಥಳೀಯ ಸೂಚನೆಗಳು ಮುಖ್ಯವಾಗಿ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಬರುತ್ತವೆ. ಮಗ ಸೊಸೆಯರು ಕಚೇರಿಗೆ ಹೋದ ಮೇಲೆ ಮನೆಯಲ್ಲಿ ಒಬ್ಬರೇ ಉಳಿಯುವ, ಊರಿನಿಂದ ಬಂದ ತಾಯಿಗೆ ಆ ಭಾಷೆಗಳು ಬಾರದಿರಬಹುದು. ಅಂಥವರಿಗೆ ‘ಚೇತಾವನೀ’ ಎಂದರೆ ಎಚ್ಚರಿಕೆ, ‘ಬಾರಿಶ್’ ಎಂದರೆ ಮಳೆ, ‘ಬಾಢ್’ ಎಂದರೆ ಪ್ರವಾಹ, ‘ಆಂಧೀ’ ಎಂದರೆ ಬಿರುಗಾಳಿ ಎಂಬ ನಾಲ್ಕಾರು ಮಾತುಗಳನ್ನು ಮೊದಲೇ ಕಲಿಸಿಡುವುದು ಒಳ್ಳೆಯದು. ಕೇಂದ್ರದ ಕಂಪನಾಂಕವನ್ನು ಕನ್ನಡದಲ್ಲಿ ದೊಡ್ಡ ಅಂಕಿಗಳಲ್ಲಿ ಬರೆದು ರೇಡಿಯೋದ ಹಿಂಬದಿಗೆ ಅಂಟಿಸಬಹುದು. ನೆರೆಮನೆಯವರ ಹೆಸರು ಮತ್ತು ಮಗನ ದೂರವಾಣಿ ಸಂಖ್ಯೆಯೂ ಅದೇ ಚೀಟಿಯಲ್ಲಿರಲಿ; ಮೊಬೈಲ್ ಆರಿದಾಗ ಅದರೊಳಗಿನ ಸಂಖ್ಯೆಗಳೂ ಕಾಣದಾಗುತ್ತವೆ.

ಕಾಪಾಡುವ ಕ್ರಮ

ರೇಡಿಯೋವನ್ನು ಬೀರುವಿನೊಳಗೆ ಬೀಗ ಹಾಕಿಡದೆ ಎಲ್ಲರ ಕೈಗೆ ಸಿಗುವಲ್ಲಿ ಇಡಬೇಕು. ಎರಡು ಮೂರು ತಿಂಗಳಿಗೊಮ್ಮೆ ಬ್ಯಾಟರಿಯನ್ನು ತುಂಬಿ, ಹಿಡಿಕೆಯನ್ನು ತಿರುಗಿಸಿ, ಒಂದು ವಾರ್ತೆಯನ್ನು ಪೂರ್ತಿ ಕೇಳಬೇಕು. ಪೆನ್ಸಿಲ್ ಸೆಲ್ಲುಗಳನ್ನು ಒಳಗೇ ಬಿಟ್ಟರೆ ಅವು ಸೋರಿ ರೇಡಿಯೋ ಕೆಡುವುದರಿಂದ ಬೇರೆಯಾಗಿ ಇಡಬೇಕು. ಮಳೆಗಾಲದ ಮೊದಲು ಮನೆಯವರೆಲ್ಲ ಸೇರಿ ಒಂದು ಸಂಜೆ ದೀಪಗಳನ್ನು ಆರಿಸಿ ಅಭ್ಯಾಸ ಮಾಡಿದರೆ ಯಾವ ಕೊರತೆಯಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಹೆಚ್ಚು ಬೆಲೆಯ ರೇಡಿಯೋಕ್ಕಿಂತ ಮನೆಯ ಪ್ರತಿಯೊಬ್ಬರೂ ಕತ್ತಲೆಯಲ್ಲಿ ನಡೆಸಬಲ್ಲ ರೇಡಿಯೋವೇ ಮೇಲು.

ಅಭ್ಯಾಸ

1. ನಿಮ್ಮ ಮನೆಯಲ್ಲಿ ಎಫ್.ಎಂ. ಮತ್ತು ಮಧ್ಯಮ ತರಂಗದಲ್ಲಿ ಸ್ಪಷ್ಟವಾಗಿ ಕೇಳಿಸುವ ಆಕಾಶವಾಣಿ ಕೇಂದ್ರಗಳ ಪಟ್ಟಿ ಮಾಡಿರಿ. ಅವು ಹಗಲು ಮತ್ತು ರಾತ್ರಿ ಹೇಗೆ ಕೇಳಿಸುತ್ತವೆ ಎಂಬುದನ್ನು ಬೇರೆ ಬೇರೆಯಾಗಿ ಬರೆಯಿರಿ.

2. ಒಂದು ನಿಮಿಷ ಹಿಡಿಕೆಯನ್ನು ತಿರುಗಿಸಿ ರೇಡಿಯೋ ಎಷ್ಟು ಹೊತ್ತು ನುಡಿಯುತ್ತದೆ ಎಂದು ಗಡಿಯಾರ ನೋಡಿ ಅಳೆಯಿರಿ. ಪೆಟ್ಟಿಗೆಯ ಮೇಲೆ ಬರೆದಿರುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸವಿದೆ?

3. 120 ಮಿಲಿಮೀಟರ್ ಮಳೆಯ ಮುನ್ಸೂಚನೆ ಯಾವ ವರ್ಗಕ್ಕೆ ಸೇರುತ್ತದೆ? ಅಂದು ನಿಮ್ಮ ಮನೆಯಲ್ಲಿ ಯಾರು ಯಾವ ಕೆಲಸ ಮಾಡಬೇಕೆಂದು ನಿರ್ಧರಿಸಿರಿ.