ಮೈಯೊಳಗಿನ ನೆರೆಹೊರೆ

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಲಂಡನ್ ನಗರದ ಗೈಸ್ ಆಸ್ಪತ್ರೆಯಲ್ಲಿ ರಿಚರ್ಡ್ ಬ್ರೈಟ್ ಎಂಬ ವೈದ್ಯನಿದ್ದನು. ಮುಖವೂ ಕಾಲುಗಳೂ ಊದಿಕೊಂಡ ಅನೇಕ ರೋಗಿಗಳನ್ನು ಅವನು ನೋಡುತ್ತಿದ್ದನು. ಅಂದಿನ ವೈದ್ಯರಲ್ಲಿ ಹಲವರು ಆ ಊತವನ್ನೇ ರೋಗವೆಂದು ಬಗೆದಿದ್ದರು. ಬ್ರೈಟನು ಅಷ್ಟಕ್ಕೆ ನಿಲ್ಲಲಿಲ್ಲ. ಅಂತಹ ರೋಗಿಯ ಮೂತ್ರವನ್ನು ಚಮಚದಲ್ಲಿ ತೆಗೆದುಕೊಂಡು ಮೇಣದ ಬತ್ತಿಯ ಉರಿಯಲ್ಲಿ ಕಾಯಿಸಿದರೆ, ಅದು ಬೆಂದ ಮೊಟ್ಟೆಯ ಬಿಳಿಯ ಭಾಗದಂತೆ ಹೆಪ್ಪುಗಟ್ಟುತ್ತಿತ್ತು. ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುತ್ತಿದ್ದುದಕ್ಕೆ ಅದೇ ಗುರುತು. ಮೃತರಾದವರ ದೇಹಗಳನ್ನು ಪರೀಕ್ಷಿಸಿದಾಗ ಮೂತ್ರಪಿಂಡಗಳು ಕೆಟ್ಟಿರುವುದು ಕಂಡುಬಂದಿತು. ಈ ಸಂಗತಿಗಳನ್ನು ಅವನು 1827ರಲ್ಲಿ ಪ್ರಕಟಿಸಿದನು.

ಮತ್ತೊಂದು ವಿಚಿತ್ರವೂ ಅವನ ಗಮನಕ್ಕೆ ಬಂದಿತು. ಮೂತ್ರಪಿಂಡ ಕೆಟ್ಟವರಲ್ಲಿ ಅನೇಕರ ಹೃದಯ ಹಿಗ್ಗಿತ್ತು. ಅದರ ಎಡಭಾಗದ ಗೋಡೆ ದಪ್ಪವಾಗಿತ್ತು. ಹೊಟ್ಟೆಯ ಹಿಂಬದಿಯಲ್ಲಿರುವ ಅಂಗಕ್ಕೂ ಎದೆಯಲ್ಲಿರುವ ಅಂಗಕ್ಕೂ ಏನು ಸಂಬಂಧ? ರೋಗಿಯ ರಕ್ತದೊತ್ತಡವನ್ನು ಅಳೆಯುವ ಉಪಕರಣ ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ಆದರೂ, ಕೆಟ್ಟ ರಕ್ತವನ್ನು ಸಣ್ಣ ನಾಳಗಳಲ್ಲಿ ನೂಕಲು ಹೃದಯ ಹೆಚ್ಚು ದುಡಿಯಬೇಕಾಗಬಹುದೆಂದು ಅವನು 1836ರಲ್ಲಿ ಊಹಿಸಿದನು. ಊಹೆ ಪೂರ್ತಿ ಸರಿಯಲ್ಲದಿದ್ದರೂ ಅದು ಹಿಡಿದ ದಾರಿ ಸರಿಯಾಗಿತ್ತು.

ದೇಹ ವಿಶ್ರಾಂತಿಯಲ್ಲಿರುವಾಗ ಹೃದಯವು ಹೊರದೂಡುವ ರಕ್ತದಲ್ಲಿ ಸುಮಾರು ಐದನೆಯ ಒಂದು ಪಾಲು ಮೂತ್ರಪಿಂಡಗಳಿಗೆ ಹರಿಯುತ್ತದೆ. ಅವು ಕಶ್ಮಲವನ್ನು ಸೋಸುವುದಲ್ಲದೆ, ಉಪ್ಪು ಮತ್ತು ನೀರಿನ ಪ್ರಮಾಣವನ್ನೂ ಹದದಲ್ಲಿಡುತ್ತವೆ. ಈ ಕೆಲಸ ಕುಂದಿದರೆ ಉಪ್ಪೂ ನೀರೂ ದೇಹದಲ್ಲಿ ನಿಂತು ರಕ್ತದೊತ್ತಡ ಏರುತ್ತದೆ. ಏರಿದ ಒತ್ತಡದ ವಿರುದ್ಧ ದುಡಿದು ದುಡಿದು ಹೃದಯದ ಸ್ನಾಯು ದಪ್ಪವಾಗುತ್ತದೆ. ಅದೇ ಒತ್ತಡ ಮೂತ್ರಪಿಂಡದ ಸೂಕ್ಷ್ಮ ಜಾಲರಿಗಳನ್ನು ಇನ್ನಷ್ಟು ಕೆಡಿಸುತ್ತದೆ. ಒಂದರ ಕೇಡು ಇನ್ನೊಂದನ್ನು ತಟ್ಟಿ, ಮತ್ತೆ ತನ್ನಲ್ಲಿಗೇ ಮರಳುತ್ತದೆ.

ಮೂಳೆಗಳಿಗೂ ಇದರಿಂದ ಬಿಡುಗಡೆಯಿಲ್ಲ. ಮೂಳೆಗೆ ಬೇಕಾದ ‘ಡಿ’ ಜೀವಸತ್ವವು ತನ್ನ ಪೂರ್ಣ ಶಕ್ತಿಯನ್ನು ಪಡೆಯುವುದು ಮುಖ್ಯವಾಗಿ ಮೂತ್ರಪಿಂಡದಲ್ಲಿ. ಕೆಂಪು ರಕ್ತಕಣಗಳನ್ನು ತಯಾರಿಸುವಂತೆ ಅಸ್ಥಿಮಜ್ಜೆಗೆ ಸೂಚನೆ ಕೊಡುವ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನೂ ಬಹುಪಾಲು ಅಲ್ಲಿಯೇ ಹುಟ್ಟುತ್ತದೆ. ಆದುದರಿಂದಲೇ ರೋಗಿಯು ಆಯಾಸ, ಏದುಸಿರು, ಮೂಳೆನೋವು ಎಂದು ಹೇಳಿಕೊಳ್ಳಬಹುದು. ಮೂತ್ರಪಿಂಡದ ಹೆಸರನ್ನೇ ಎತ್ತದಿರಬಹುದು. ನೋವೇ ಇಲ್ಲದೆ ವರ್ಷಗಟ್ಟಲೆ ಬೆಳೆಯುವ ಈ ರೋಗವನ್ನು ಮೂತ್ರ, ರಕ್ತ ಹಾಗೂ ರಕ್ತದೊತ್ತಡದ ಪರೀಕ್ಷೆಗಳು ಬಯಲಿಗೆಳೆಯುತ್ತವೆ.

ಎರಿತ್ರೊಪೊಯೆಟಿನ್ನನ್ನು 1977ರಲ್ಲಿ ಶುದ್ಧರೂಪದಲ್ಲಿ ಬೇರ್ಪಡಿಸಲಾಯಿತು. ಮುಂದೆ ಅದನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸುವುದು ಸಾಧ್ಯವಾಗಿ, 1989ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಮನ್ನಣೆ ಪಡೆಯಿತು. ಮತ್ತೆ ಮತ್ತೆ ಪರರ ರಕ್ತವನ್ನು ಪಡೆಯಬೇಕಾಗಿದ್ದ ಅನೇಕ ರೋಗಿಗಳಿಗೆ ಆ ಅಗತ್ಯ ತಪ್ಪಿತು.