‘ನಮ್ಮವರು’ ಎಂಬ ಭಾವ: ಸಾಮಾಜಿಕ ಅಸ್ಮಿತೆಯ ಅಧ್ಯಯನ

‘ನಾನು ಯಾರು?’ ಎಂಬ ಪ್ರಶ್ನೆ ವೇದಾಂತಿಗಳಿಗೆ ಬಹು ಹಳೆಯದು. 1954ರಲ್ಲಿ ಅಮೆರಿಕೆಯ ಕೂನ್ ಮತ್ತು ಮ್ಯಾಕ್‌ಪಾರ್ಟ್‌ಲ್ಯಾಂಡ್ ಎಂಬ ಸಮಾಜವಿಜ್ಞಾನಿಗಳು ಅದನ್ನೇ ಒಂದು ಪರೀಕ್ಷೆಯನ್ನಾಗಿಸಿದರು. ಖಾಲಿ ಹಾಳೆಯೊಂದನ್ನು ಕೊಟ್ಟು ಈ ಪ್ರಶ್ನೆಗೆ ಇಪ್ಪತ್ತು ಉತ್ತರಗಳನ್ನು ಬರೆಯಿಸಿದರು. ವಿದ್ಯಾರ್ಥಿ, ಹೆಂಡತಿ, ಇಂಥ ಧರ್ಮದವನು ಎಂಬ ಉತ್ತರಗಳು ಸಾಮಾನ್ಯವಾಗಿ ಮೊದಲು ಬಂದವು. ಸುಖಿ, ಸಂಕೋಚದ ಸ್ವಭಾವದವನು ಎಂಬಂಥವು ಅನಂತರ. ವ್ಯಕ್ತಿಯು ತನ್ನನ್ನು ತಾನು ಕಾಣುವುದು ಬಹುಮಟ್ಟಿಗೆ ತಾನು ಸೇರಿದ ಗುಂಪುಗಳ ಮೂಲಕವೇ. ಈ ಅಂಶಕ್ಕೆ ಮನಃಶಾಸ್ತ್ರಜ್ಞರು ‘ಸಾಮಾಜಿಕ ಅಸ್ಮಿತೆ’ ಎನ್ನುತ್ತಾರೆ.

ಇದಕ್ಕೊಂದು ಸಿದ್ಧಾಂತದ ರೂಪ ಕೊಟ್ಟವರಲ್ಲಿ ಹೆನ್ರಿ ತಾಜ್‌ಫೆಲ್ ಅಗ್ರಗಣ್ಯರು. 1919ರಲ್ಲಿ ಪೋಲೆಂಡಿನ ಯೆಹೂದಿ ಮನೆತನದಲ್ಲಿ ಹುಟ್ಟಿದ ಅವರು ಎರಡನೆಯ ಮಹಾಯುದ್ಧದಲ್ಲಿ ಫ್ರೆಂಚ್ ಸೈನಿಕರಾಗಿ ಜರ್ಮನರಿಗೆ ಸೆರೆಸಿಕ್ಕರು. ತಾನು ಪೋಲೆಂಡಿನವನೆಂಬುದನ್ನು ಮರೆಮಾಚಿದ್ದರಿಂದಲೇ ಅವರು ಬದುಕಿ ಉಳಿದದ್ದು. ಬಿಡುಗಡೆಯಾಗಿ ಬಂದಾಗ ಬಂಧುಗಳಲ್ಲಿ ಬಹುತೇಕ ಯಾರೂ ಜೀವಂತವಿರಲಿಲ್ಲ. ಕಾವಲುಗಾರನೊಡನೆ ಎಷ್ಟೇ ಸಲುಗೆ ಬೆಳೆದಿದ್ದರೂ, ನಿಜವಾದ ಗುಂಪು ತಿಳಿದ ಕ್ಷಣದಲ್ಲಿ ಆ ಸಲುಗೆಗೆ ಬೆಲೆಯಿರುತ್ತಿರಲಿಲ್ಲ ಎಂಬ ಅರಿವು ಅವರ ಮುಂದಿನ ಸಂಶೋಧನೆಯ ಹಿಂದಿದೆ.

1970-71ರಲ್ಲಿ ಪ್ರಕಟವಾದ ಅವರ ಪ್ರಯೋಗ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ನಡೆದದ್ದು. 14-15 ವಯಸ್ಸಿನ 48 ಶಾಲಾ ಬಾಲಕರಿಗೆ ಕ್ಲೀ ಮತ್ತು ಕ್ಯಾಂಡಿನ್‌ಸ್ಕಿ ಎಂಬ ಕಲಾವಿದರ ಚಿತ್ರಗಳನ್ನು ತೋರಿಸಿ, ಅಭಿರುಚಿಗೆ ತಕ್ಕಂತೆ ಎರಡು ಗುಂಪು ಮಾಡಲಾಗಿದೆ ಎಂದು ಹೇಳಲಾಯಿತು. ವಾಸ್ತವವಾಗಿ ಅದು ಚೀಟಿ ಎತ್ತಿದಂಥ ವಿಂಗಡಣೆ. ತನ್ನ ಗುಂಪಿನಲ್ಲಿ ಇನ್ನು ಯಾರಿದ್ದಾರೆಂಬುದೂ ಯಾವ ಹುಡುಗನಿಗೂ ತಿಳಿದಿರಲಿಲ್ಲ. ಆಮೇಲೆ ಪ್ರತಿಯೊಬ್ಬನೂ ಇತರ ಇಬ್ಬರಿಗೆ, ಹಣವಾಗಿ ಬದಲಾಗುವ ಅಂಕಗಳನ್ನು ಹಂಚಬೇಕಾಗಿತ್ತು, ತನಗೇನೂ ಕೊಟ್ಟುಕೊಳ್ಳುವಂತಿರಲಿಲ್ಲ. ಒಂದು ಕೋಷ್ಟಕದ ಒಂದು ತುದಿಯಲ್ಲಿ ತನ್ನ ಗುಂಪಿನವನಿಗೆ 7, ಇನ್ನೊಂದು ಗುಂಪಿನವನಿಗೆ 1. ನಡುವೆ 13 ಮತ್ತು 13. ಇನ್ನೊಂದು ತುದಿಯಲ್ಲಿ 19 ಮತ್ತು 25. ಲಾಭವೇ ಗುರಿಯಾಗಿದ್ದರೆ 19 ಅನ್ನು ಆರಿಸಬೇಕಿತ್ತು. ಸಮಪಾಲಿನ ಕಡೆಗೂ ಹುಡುಗರ ಮನಸ್ಸು ಎಳೆಯಿತು, ನಿಜ. ಆದರೂ ತಮ್ಮವರಿಗೆ ಸಿಗುವುದು ಕಡಿಮೆಯಾದರೂ ಚಿಂತೆಯಿಲ್ಲ, ಅವರಿಗಿಂತ ಹೆಚ್ಚಿದ್ದರೆ ಸಾಕು ಎಂಬ ಕಡೆಗೆ ಅವರ ಆಯ್ಕೆ ವಾಲಿತು. ಜಗಳವಿಲ್ಲ, ಹಗೆಯಿಲ್ಲ, ಹಳೆಯ ಲೆಕ್ಕವಿಲ್ಲ. ಬರಿಯ ಒಂದು ಹೆಸರು ಇಷ್ಟನ್ನು ಮಾಡಿತು.

ಜಾನ್ ಟರ್ನರ್ ಅವರೊಡನೆ 1979ರಲ್ಲಿ ಮಂಡಿಸಿದ ಸಿದ್ಧಾಂತ ಇದನ್ನು ಹೀಗೆ ವಿವರಿಸುತ್ತದೆ: ಮನುಷ್ಯ ಜನರನ್ನು ವಿಂಗಡಿಸುತ್ತಾನೆ, ಒಂದು ಗುಂಪಿನೊಡನೆ ತನ್ನನ್ನು ಗುರುತಿಸಿಕೊಳ್ಳುತ್ತಾನೆ, ಹೋಲಿಕೆಯಲ್ಲಿ ಅದು ಮೇಲೆಂದು ಕಾಣಲು ಬಯಸುತ್ತಾನೆ. ಹೋಲಿಕೆಯಲ್ಲಿ ತನ್ನ ಗುಂಪು ಕೆಳಗಿದ್ದರೆ ದಾರಿಗಳು ಹಲವು. ಪರಊರಿನಲ್ಲಿ ನೆರೆಯವರ ಮುಂದೆ ಮಕ್ಕಳೊಡನೆ ಕನ್ನಡವಾಡಲು ಹಿಂಜರಿಯುವವನು ಗುಂಪಿನಿಂದ ಹೊರಬರುವ ದಾರಿ ಹಿಡಿದವನು. ಅದೇ ಊರಿನಲ್ಲಿ ಸಂಘ ಕಟ್ಟಿ ನಾಟಕವಾಡಿಸುವವನು ಗುಂಪಿನ ಬೆಲೆಯನ್ನೇ ಬೇರೆ ಅಳತೆಗೋಲಿನಿಂದ ಅಳೆಯುತ್ತಾನೆ.

ಈ ಭಾವಕ್ಕೂ ಆರೋಗ್ಯಕ್ಕೂ ನಂಟುಂಟು. ಇಂಗ್ಲೆಂಡಿನ 424 ಮಂದಿ ನಿವೃತ್ತರನ್ನು ಆರು ವರ್ಷಗಳ ಕಾಲ ಗಮನಿಸಿದ ಮಾಹಿತಿಯ ವಿಶ್ಲೇಷಣೆ 2016ರಲ್ಲಿ ಪ್ರಕಟವಾಯಿತು. ನಿವೃತ್ತಿಗೆ ಮುನ್ನ ಎರಡು ಗುಂಪುಗಳಲ್ಲಿದ್ದವರು ಎರಡನ್ನೂ ಉಳಿಸಿಕೊಂಡರೆ ಆ ಅವಧಿಯಲ್ಲಿ ಸಾವಿನ ಸಂಭವ ಶೇಕಡ 2. ಒಂದನ್ನು ಬಿಟ್ಟರೆ 5. ಎರಡನ್ನೂ ಬಿಟ್ಟರೆ 12 ಎಂಬುದು ಅದರ ಅಂದಾಜು. ಆರಂಭದ ಆರೋಗ್ಯವನ್ನು ಲೆಕ್ಕಕ್ಕೆ ಹಿಡಿದಿದ್ದರೂ ಇದು ವೀಕ್ಷಣೆಯೇ ಹೊರತು ಪ್ರಯೋಗವಲ್ಲ. ದೇಹ ಸೋತವರೇ ಸಭೆಗಳಿಗೆ ಹೋಗುವುದನ್ನು ಬಿಟ್ಟಿರಬಹುದು.

ಇತ್ತೀಚಿನ ವರ್ಷಗಳಲ್ಲಿ ‘ಅಸ್ಮಿತೆಯ ನಕ್ಷೆ’ ಎಂಬ ವಿಧಾನವೂ ಬಳಕೆಗೆ ಬಂದಿದೆ. ತಾನಿರುವ ಒಂದೊಂದು ಗುಂಪಿಗೂ ಒಂದೊಂದು ಚೀಟಿ, ಮಹತ್ವ ಹೆಚ್ಚಿದ್ದರೆ ದೊಡ್ಡ ಚೀಟಿ. ಎರಡು ಗುಂಪುಗಳು ಒಂದಕ್ಕೊಂದು ಹೊಂದಿಕೊಂಡರೆ ಅವುಗಳ ನಡುವೆ ನೇರ ಗೆರೆ, ತಿಕ್ಕಾಟವಿದ್ದರೆ ಅಂಕುಡೊಂಕು ಗೆರೆ. ಮನೆ, ಕಚೇರಿ, ವಾಸದ ಕಟ್ಟಡದ ನೆರೆಹೊರೆ, ಕನ್ನಡ ಸಂಘ, ಊರಿನ ದಾಯಾದಿಗಳು: ಮಹಾನಗರವಾಸಿಯ ಹಾಳೆಯಲ್ಲಿ ಚೀಟಿಗಳಿಗೆ ಬರವಿಲ್ಲ. ನೋಡಬೇಕಾದದ್ದು ಗೆರೆಗಳನ್ನು, ಹಾಗೂ ಕಚೇರಿಯ ಚೀಟಿಯನ್ನು ಕಿತ್ತಮೇಲೆ ಹಾಳೆಯಲ್ಲಿ ಏನು ಉಳಿಯುತ್ತದೆಂಬುದನ್ನು.